ಕೈಗೆ ಸಿಗದ ಗಂಟು

ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆ ಸ್ತನದ ಕ್ಯಾನ್ಸರಿನ ವಿಷಯದಲ್ಲಿ ಬಹುಕಾಲ ನಿಜವಾಗಿತ್ತು. ಗಂಟು ಕೈಗೆ ಸಿಗುವಷ್ಟು ಬೆಳೆದ ಮೇಲೆಯೇ ವೈದ್ಯರಿಗೆ ರೋಗದ ಸುಳಿವು. ಅದಕ್ಕೆ ಮೊದಲೇ ಅದನ್ನು ಕಾಣುವುದು ಹೇಗೆ?

ರಂಟ್ಗನ್ ಕ್ಷ-ಕಿರಣಗಳನ್ನು ಕಂಡುಹಿಡಿದುದು 1895ರಲ್ಲಿ. ಮುರಿದ ಮೂಳೆಯನ್ನು ತೋರಿಸುವುದು ಅವಕ್ಕೆ ಸುಲಭ. ಮೆದುವಾದ ಸ್ತನದಲ್ಲಾದರೋ ಎಲ್ಲವೂ ಒಂದೇ ಬಗೆಯ ನೆರಳು. ಬರ್ಲಿನ್ನಿನ ಶಸ್ತ್ರವೈದ್ಯ ಆಲ್ಬರ್ಟ್ ಸಲೊಮೋನ್, ಶಸ್ತ್ರಕ್ರಿಯೆಯಲ್ಲಿ ತೆಗೆದ ಸುಮಾರು 3,000 ಸ್ತನಗಳ ಚಿತ್ರಗಳನ್ನು ಪರೀಕ್ಷಿಸಿ, 1913ರಲ್ಲಿ ತನ್ನ ಶೋಧನೆಯನ್ನು ಪ್ರಕಟಿಸಿದನು. ರೋಗವಿದ್ದೆಡೆ ಸಣ್ಣ ಚುಕ್ಕೆಗಳು ಕಂಡಿದ್ದುವು. ಅವು ಸುಣ್ಣದ ಕಣಗಳೆಂದು ಮುಂದೆ ತಿಳಿಯಿತು. ಆದರೆ ಸಲೊಮೋನ್ ಯೆಹೂದ್ಯ. ನಾಟ್ಸಿಗಳ ಕಾಲದಲ್ಲಿ ಅವನ ಕೆಲಸ ಹೋಯಿತು; ನೆದರ್ಲೆಂಡಿಗೆ ಓಡಿ ಜೀವ ಉಳಿಸಿಕೊಂಡನು. ಚಿತ್ರಕಲಾವಿದೆಯಾದ ಮಗಳು ಶಾರ್ಲೋಟ್ 1943ರಲ್ಲಿ ಔಷ್‌ವಿಟ್ಸಿನಲ್ಲಿ ಹತಳಾದಳು.

ಅವನು ಬಿಟ್ಟ ಎಳೆಯನ್ನು ಇತರರು ಹಿಡಿದರು. 1930ರಲ್ಲಿ ಅಮೆರಿಕದ ಸ್ಟಾಫರ್ಡ್ ವಾರನ್ ಜೀವಂತ ರೋಗಿಗಳ ಸ್ತನದ ಚಿತ್ರಗಳನ್ನು ವರದಿಮಾಡಿದನು. ಉರುಗ್ವೆಯ ಲೆಬೋರ್ನ್, ಸ್ತನವನ್ನು ಒತ್ತಿಹಿಡಿದರೆ ನೆರಳು ತಿಳಿಯಾಗುವುದೆಂದು ತೋರಿಸಿದನು. 1960ರಲ್ಲಿ ಹ್ಯೂಸ್ಟನ್ನಿನ ರಾಬರ್ಟ್ ಈಗನ್, ಬೇರೆ ಆಸ್ಪತ್ರೆಗಳೂ ಅನುಸರಿಸಬಹುದಾದ ಕ್ರಮವನ್ನು ಪ್ರಕಟಿಸಿದನು.

ಚಿತ್ರ ಸ್ಪಷ್ಟವಾಯಿತು, ಸರಿ, ಜೀವ ಉಳಿಯುವುದೇ? ಇದನ್ನರಿಯಲು 1963ರ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ 40ರಿಂದ 64 ವರ್ಷದ ಸುಮಾರು 62,000 ಹೆಂಗಸರನ್ನು ಎರಡು ಪಾಲು ಮಾಡಿದರು. ಒಂದು ಗುಂಪನ್ನು ಕೈಪರೀಕ್ಷೆಗೂ ಕ್ಷ-ಕಿರಣ ಪರೀಕ್ಷೆಗೂ ಕರೆದರು. ಈ ಕೆಲಸಕ್ಕೆ ಮುಂದಾದವರಲ್ಲಿ ಒಬ್ಬನಾದ ಡಾಕ್ಟರ್ ಫಿಲಿಪ್ ಸ್ಟ್ರಾಕ್ಸನ ಹೆಂಡತಿ ಇದೇ ರೋಗಕ್ಕೆ ಬಲಿಯಾಗಿದ್ದಳು. ಕರೆದ ಗುಂಪಿನಲ್ಲಿ ಈ ರೋಗದ ಸಾವು ಸುಮಾರು ಮೂರರಲ್ಲೊಂದು ಪಾಲು ಕಡಿಮೆಯೆಂದು 1971ರಿಂದ ಪ್ರಕಟವಾದ ಲೆಕ್ಕಗಳು ತೋರಿಸಿದುವು.

ಒಂದು ತೊಡಕು ಉಳಿಯಿತು. ಚಿತ್ರದಲ್ಲಿ ಗಂಟೂ ಬಿಳುಪು, ದಟ್ಟವಾದ ಗ್ರಂಥಿಯೂ ಬಿಳುಪು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ತಿಳಿದಿದ್ದರೂ ಬೇರ್ಪಡಿಸುವುದು ಕಷ್ಟ. ಫಿಲ್ಮಿಗೆ ಬದಲಾಗಿ ಡಿಜಿಟಲ್ ಯಂತ್ರ ಅಮೆರಿಕದಲ್ಲಿ 2000ದಲ್ಲಿ ಒಪ್ಪಿಗೆ ಪಡೆಯಿತು. ಐವತ್ತರ ಒಳಗಿನವರಲ್ಲೂ ದಟ್ಟ ಸ್ತನದವರಲ್ಲೂ ಅದೇ ಮೇಲೆಂದು 2005ರ ಅಧ್ಯಯನ ಹೇಳಿತು. 2011ರಲ್ಲಿ ಬಂದ ಟೊಮೊಸಿಂಥೆಸಿಸ್ ಯಂತ್ರವು ಕಮಾನಿನಂತೆ ಚಲಿಸಿ ಹಲವು ಚಿತ್ರ ತೆಗೆದು, ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ತೋರಿಸುತ್ತದೆ. ಸ್ವೀಡನ್ನಿನಲ್ಲಿ 80,000 ಹೆಂಗಸರ ಮೇಲೆ ನಡೆದ ಪರೀಕ್ಷೆಯಲ್ಲಿ, ಕೃತಕ ಬುದ್ಧಿಯ ನೆರವಿನಿಂದ ಚಿತ್ರ ಓದುವ ವೈದ್ಯರ ಕೆಲಸ ನೂರಕ್ಕೆ 44ರಷ್ಟು ಇಳಿಯಿತೆಂದು 2023ರಲ್ಲಿ ವರದಿಯಾಯಿತು.

ಯಂತ್ರ ಕಂಡದ್ದೆಲ್ಲ ಕೇಡಲ್ಲ. ಎಂದೂ ತೊಂದರೆ ಕೊಡದಿದ್ದ ಗಂಟಿಗೂ ಚಿಕಿತ್ಸೆ ನಡೆದುಹೋಗುವುದುಂಟು. ಆದುದರಿಂದ ಪರೀಕ್ಷೆ ಯಾರಿಗೆ, ಯಾವಾಗ ಎಂಬುದನ್ನು ವೈದ್ಯರೊಡನೆ ವಿಚಾರಿಸಿಯೇ ನಿರ್ಧರಿಸಬೇಕು. ಆದರೆ ಸ್ತನದಲ್ಲಿ ಹೊಸ ಗಂಟು ಕಂಡಾಗ, ನೋವಿಲ್ಲವೆಂದೋ ನಾಚಿಕೆಯೆಂದೋ ಮುಚ್ಚಿಡಬಾರದು. ಮನೆಯವರಿಗೆ ಹೇಳದೆ ಉಳಿದ ಗಂಟನ್ನು ಯಾವ ಯಂತ್ರವೂ ಕಾಣಲಾರದು.