ಗಾಳಿ ತುಂಬೋದು ಸುಲಭ, ಬಿಡೋದೇ ಕಷ್ಟ: ಟರ್ಬೊ ಓವರ್‌ಬೂಸ್ಟ್ ಕಥೆ

ಇವತ್ತಿನ ಕಂತು ಟರ್ಬೊ ಬಗ್ಗೆ. ಆದ್ರೆ ಶುರು ಮಾಡೋದು ನಮ್ಮ ಟಿ.ಬಿ. ಡ್ಯಾಂನಿಂದ.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯ್ತು, ನೆನಪಿದೆಯಲ್ಲ? ಡ್ಯಾಂ ಮೇಲಿನ ಭಾರ ಇಳಿಸೋಕೆ ಉಳಿದ ಗೇಟುಗಳನ್ನೂ ಎತ್ತಿ ನೀರು ಬಿಟ್ರು. ಅವತ್ತು ಗೇಟು ಹೋಗಿದ್ದಕ್ಕೆ ನೀರು ಹರಿದುಹೋಯ್ತು. ಅದರ ಉಲ್ಟಾ ಯೋಚನೆ ಮಾಡಿ: ತುಂಬಿದ ಡ್ಯಾಂಗೆ ಪ್ರವಾಹ ಬರ್ತಿದೆ, 33 ಗೇಟುಗಳಲ್ಲಿ ಒಂದೂ ಏಳ್ತಿಲ್ಲ. ಟರ್ಬೊ ಕಾರಲ್ಲಿ ಇದಕ್ಕೆ ಓವರ್‌ಬೂಸ್ಟ್ ಅಂತಾರೆ.

ಟರ್ಬೊ ಕೆಲಸ ಸರಳ. ಎಂಜಿನ್ ಹೊರಗೆ ಬಿಡೋ ಹೊಗೆ ಒಂದು ಚಕ್ರ ತಿರುಗಿಸುತ್ತೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನ ಒತ್ತಿ ಎಂಜಿನ್‌ಗೆ ತುಂಬುತ್ತೆ. ಗಾಳಿ ಜಾಸ್ತಿಯಾದ್ರೆ ಡೀಸೆಲ್ ಜಾಸ್ತಿ ಸುಡಬಹುದು, ಪವರ್ ಜಾಸ್ತಿ. ಪವರ್ ಜಾಸ್ತಿಯಾದ್ರೆ ಹೊಗೆ ಜಾಸ್ತಿ, ಹೊಗೆ ಜಾಸ್ತಿಯಾದ್ರೆ ಚಕ್ರ ಇನ್ನೂ ಜೋರು. ಬಡ್ಡಿಗೆ ಬಡ್ಡಿ ಬೆಳೆದ ಹಾಗೆ. ಬಿ.ಕಾಂ. ಓದಿದವನಿಗೆ ಇದು ಬೇಗ ಅರ್ಥ ಆಗುತ್ತೆ! ಈ ಬಡ್ಡಿಗೆ ಮಿತಿ ಹಾಕೋದು ವೇಸ್ಟ್‌ಗೇಟ್. ಒತ್ತಡ ಗೆರೆ ದಾಟಿದ ಕೂಡಲೇ ಇದು ತೆರೆದು, ಸ್ವಲ್ಪ ಹೊಗೆಯನ್ನ ಚಕ್ರಕ್ಕೆ ತಾಗಿಸದೆ ಪಕ್ಕದಿಂದ ಸಾಗಹಾಕುತ್ತೆ.

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಶಿ 1905ರಲ್ಲೇ ಇದಕ್ಕೆ ಪೇಟೆಂಟ್ ತಗೊಂಡಿದ್ರು. 1918ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಸ್ಯಾನ್‌ಫರ್ಡ್ ಮಾಸ್ ಅಮೆರಿಕದ ಪೈಕ್ಸ್ ಪೀಕ್ ಬೆಟ್ಟಕ್ಕೆ, ಸುಮಾರು 14 ಸಾವಿರ ಅಡಿ ಎತ್ತರಕ್ಕೆ, ಒಂದು ವಿಮಾನದ ಎಂಜಿನ್ ಹೊತ್ಕೊಂಡು ಹೋದ್ರು. ಕೆಳಗೆ 350 ಹಾರ್ಸ್‌ಪವರ್ ಕೊಡ್ತಿದ್ದ ಎಂಜಿನ್, ಮೇಲೆ ತೆಳು ಗಾಳಿಯಲ್ಲಿ 230ಕ್ಕೆ ಇಳೀತು. ಟರ್ಬೊ ಹಾಕಿದ ಮೇಲೆ 356.

ಹಾಗಾದ್ರೆ ಗಾಳಿ ತುಂಬೋ ಸಮಸ್ಯೆ ಆಗಲೇ ಮುಗೀತು. ತುಂಬಿದ್ದನ್ನ ಹಿಡಿತದಲ್ಲಿಡೋದು? ಎರಡನೇ ಮಹಾಯುದ್ಧದ ಬಿ-17 ಬಾಂಬರ್ ನೋಡಿ. ಮೊದಮೊದಲು ಇದರ ವೇಸ್ಟ್‌ಗೇಟ್ ಆಡಿಸ್ತಿದ್ದದ್ದು ಎಣ್ಣೆಯ ಒತ್ತಡ. ಎತ್ತರದ ಚಳಿಗೆ ಎಣ್ಣೆ ಗಟ್ಟಿಯಾದ್ರೆ ಗೇಟು ತಡವಾಗಿ ಅಲ್ಲಾಡೋದು, ಬೂಸ್ಟ್ ಮಿತಿ ಮೀರೋದು. ಆಮೇಲೆ ಹನಿವೆಲ್ ಕಂಪನಿಯ ಎಲೆಕ್ಟ್ರಾನಿಕ್ ನಿಯಂತ್ರಣ ಬಂತು. ನಾಲ್ಕು ಎಂಜಿನ್‌ಗಳ ನಾಲ್ಕು ಲಿವರ್ ಹೋಗಿ ಒಂದೇ ಡಯಲ್ ಆಯ್ತು.

ಕಾರಿಗೆ ಬರೋಣ. 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಜಗತ್ತಿನ ಮೊದಲ ಟರ್ಬೊ ಕಾರುಗಳಲ್ಲಿ ಒಂದು. ಒಳಗೆ ಅಕಾಲದಲ್ಲಿ ಇಂಧನ ಸಿಡಿದು 'ನಾಕಿಂಗ್' ಆಗಬಾರದು ಅಂತ, ನೀರು ಮತ್ತು ಮೆಥನಾಲ್ ಸೇರಿದ ದ್ರವವನ್ನ ಎಂಜಿನ್‌ಗೆ ಬಿಡ್ತಿದ್ರು. ಅದು ಖಾಲಿಯಾದ್ರೆ ಬೂಸ್ಟ್ ತಾನೇ ಇಳಿಯೋ ವ್ಯವಸ್ಥೆಯೂ ಇತ್ತು. ಎಷ್ಟೋ ಮಾಲೀಕರು ತುಂಬಿಸೋದನ್ನೇ ಮರೆತ್ರು, ಆಮೇಲೆ ಪವರ್ ಇಲ್ಲ ಅಂತ ದೂರಿದ್ರು. ಕೊನೆಗೆ ಕಂಪನಿಯವರೇ ಎಷ್ಟೋ ಕಾರುಗಳ ಟರ್ಬೊ ಬಿಚ್ಚಿಕೊಟ್ರು. ಮಿತಿ ಇರೋದು ತಮ್ಮ ಎಂಜಿನ್ ಉಳಿಸೋಕೆ ಅಂತ ಮಾಲೀಕರಿಗೆ ಹೊಳೀಲಿಲ್ಲ. 1977ರಲ್ಲಿ ಸಾಬ್ 99 ಟರ್ಬೊ ವೇಸ್ಟ್‌ಗೇಟ್ ಸಮೇತ ಬಂದ ಮೇಲೆ, ದಿನಾ ಓಡಿಸೋ ಕಾರಿಗೂ ಟರ್ಬೊ ಒಗ್ಗುತ್ತೆ ಅಂತ ಜನಕ್ಕೆ ನಂಬಿಕೆ ಬಂತು.

ನಮ್ಮಲ್ಲಿ 2007ರಲ್ಲಿ ಸ್ವಿಫ್ಟ್ ಡೀಸೆಲ್ ಬಂದು ಟರ್ಬೊವನ್ನ ಮಧ್ಯಮ ವರ್ಗದ ಮನೆ ಮುಂದೆ ನಿಲ್ಲಿಸ್ತು. ಅಂಥ ಕಾರುಗಳು ಸೆಕೆಂಡ್ ಹ್ಯಾಂಡಾಗಿ ಹುಡುಗರ ಕೈಗೆ ಬಂದಾಗ ಜೊತೆಗೆ ರೀಮ್ಯಾಪ್, ಟ್ಯೂನಿಂಗ್ ಬಾಕ್ಸ್, ಫ್ರೀ-ಫ್ಲೋ ಸೈಲೆನ್ಸರ್ ಕೂಡ ಬಂತು. ಆಮೇಲೆ ಶುರುವಾಗೋದು ಚೆಕ್ ಎಂಜಿನ್ ಲೈಟು. ಸ್ಕ್ಯಾನರ್ ಹಾಕಿದ್ರೆ ಕೋಡ್ ಪಿ0234, ಅಂದ್ರೆ ಓವರ್‌ಬೂಸ್ಟ್. ಕಾರು ಪವರ್ ಕಟ್ ಮಾಡಿ ತೆವಳುತ್ತೆ.

ಪತ್ತೆ ಹಚ್ಚೋದು ಹೇಗೆ? ಅಗ್ಗದ್ದರಿಂದ ಶುರು ಮಾಡಿ. ವೇಸ್ಟ್‌ಗೇಟ್ ಆಕ್ಚುಯೇಟರ್‌ಗೆ ಹೋಗೋ ಸಣ್ಣ ರಬ್ಬರ್ ಪೈಪ್ ಸೀಳಿದ್ಯಾ, ಕಳಚಿದ್ಯಾ ನೋಡಿ. ಆ ಪೈಪಲ್ಲಿ ಒತ್ತಡ ಬರದಿದ್ರೆ ಗೇಟು ತೆರೆಯೋದೇ ಇಲ್ಲ. ಆಮೇಲೆ, ಎಂಜಿನ್ ಆರಿಸಿ ತಣ್ಣಗಾದ ಮೇಲೆ, ಗೇಜ್ ಇರೋ ಕೈಪಂಪಿನಿಂದ ಆಕ್ಚುಯೇಟರ್‌ಗೆ ಹಿತಮಿತವಾಗಿ ಗಾಳಿ ಕೊಡಿ. ಕಡ್ಡಿ ಸಲೀಸಾಗಿ ಆಡಬೇಕು. ಆಡದಿದ್ರೆ ಒಳಗಿನ ಡಯಾಫ್ರಾಮ್ ಹರಿದಿದೆ, ಇಲ್ಲಾಂದ್ರೆ ಗೇಟು ತುಕ್ಕಿಗೆ, ಮಸಿಗೆ ಕಚ್ಚಿಕೊಂಡಿದೆ. ವೇರಿಯಬಲ್ ಟರ್ಬೊ ಇರೋ ಡೀಸೆಲ್ ಕಾರಲ್ಲಿ ವೇಸ್ಟ್‌ಗೇಟ್ ಬದಲು ಒಳಗೆ ಆಡೋ ರೆಕ್ಕೆಗಳಿರುತ್ತವೆ, ಅವೂ ಮಸಿಗೆ ಅಂಟಿಕೊಳ್ತವೆ.

ಎಲ್ಲ ಸರಿ ಇದ್ದೂ ಒತ್ತಡ ಏರುತ್ತಾ? ಹೊರಗಿನ ಬೂಸ್ಟ್ ಕಂಟ್ರೋಲರ್ ಹಾಕಿಸಿದ್ರೆ ಅದನ್ನ ಬಿಟ್ಟು, ಟರ್ಬೊ ಗಾಳಿಯ ಪೈಪನ್ನ ನೇರ ಆಕ್ಚುಯೇಟರ್‌ಗೆ ಕೊಟ್ಟು ಡೈನೊ ಮೇಲೆ ಪರೀಕ್ಷೆ ಮಾಡಿಸಿ. ಬೂಸ್ಟ್ ಇಳಿದು ಒಂದೇ ಕಡೆ ನಿಂತ್ರೆ ಕಂಟ್ರೋಲರ್ ಅಥವಾ ರೀಮ್ಯಾಪ್ ಮೇಲೆ ಅನುಮಾನ. ಆರ್‌ಪಿಎಂ ಏರಿದ ಹಾಗೆ ಬೂಸ್ಟೂ ಏರ್ತಾನೇ ಇದ್ರೆ ಅದು ಬೂಸ್ಟ್ ಕ್ರೀಪ್: ಗೇಟು ಪೂರ್ತಿ ತೆರೆದ್ರೂ ದಾರಿ ಸಾಲ್ತಿಲ್ಲ. ಫ್ರೀ-ಫ್ಲೋ ಸೈಲೆನ್ಸರ್ ಹಾಕಿದ ಕಾರಲ್ಲಿ ಇದು ಮಾಮೂಲು. ಮುಂದೆ ಅಡ್ಡಿ ಕಡಿಮೆ ಆದಷ್ಟೂ ಚಕ್ರ ಇನ್ನೂ ಜೋರಾಗಿ ತಿರುಗುತ್ತೆ.

ಮಾಡಬಾರದ್ದು ಒಂದೇ: ಸೆನ್ಸರ್‌ಗೆ ಸುಳ್ಳು ಹೇಳೋದು. ಒತ್ತಡ ಕಡಿಮೆ ಅಂತ ತೋರಿಸೋ ಬಾಕ್ಸ್ ಹಾಕಿದ್ರೆ ಲೈಟು ಆರುತ್ತೆ, ಒಳಗಿನ ಒತ್ತಡ ಹಾಗೇ ಇರುತ್ತೆ. ಹೆಡ್ ಗ್ಯಾಸ್ಕೆಟ್, ಪಿಸ್ಟನ್, ಟರ್ಬೊ ಶಾಫ್ಟ್, ಯಾವುದು ಮೊದಲು ಹೋಗುತ್ತೋ ಹೇಳೋಕಾಗಲ್ಲ. ಅದೂ ನಮ್ಮ ಸಂಡೂರು ರಸ್ತೆಯಲ್ಲಿ, ಅದಿರು ಲಾರಿಯನ್ನ ಓವರ್‌ಟೇಕ್ ಮಾಡ್ತಿರುವಾಗ ಪವರ್ ಹೋದ್ರೆ?

ಕಾನೂನೂ ಇದೆ. ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸೋದನ್ನ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳ್ತು. ಅಪಘಾತ ಆದ್ರೆ ವಿಮೆಯವರ ಮೊದಲ ಪ್ರಶ್ನೆ ಇದೇ ಆಗಬಹುದು.

ಡ್ಯಾಂ ಎಷ್ಟು ನೀರು ಹಿಡಿಯುತ್ತೆ ಅಂತ ಎಲ್ಲರೂ ಕೇಳ್ತಾರೆ. ಎಂಜಿನಿಯರ್ ಕೇಳೋದು ಎಷ್ಟು ಬಿಡಬಲ್ಲದು ಅಂತ. ನಿಮ್ಮ ಕಾರಿಗೂ ಅದೇ ಪ್ರಶ್ನೆ ಹಾಕಿ. ಮುಂದಿನ ಕಂತಲ್ಲಿ ಸಿಗೋಣ.