ತಡ ಹುಟ್ಟಿಸುವ ತಪ್ಪು: ನಿರುದ್ಯೋಗ ಭತ್ಯೆ ಮತ್ತು ವಿಕಲಚೇತನರ ಮಾಸಾಶನದಲ್ಲಿ ವಿಳಂಬ, ದಂಡ, ಹೊಣೆ

ಸಂವಿಧಾನದ 41ನೇ ವಿಧಿ ನಿರುದ್ಯೋಗ, ಮುಪ್ಪು, ಕಾಯಿಲೆ, ಅಂಗವೈಕಲ್ಯಗಳನ್ನು ಒಂದೇ ಸಾಲಿನಲ್ಲಿ ಹೆಸರಿಸುತ್ತದೆ. ಈ ಸ್ಥಿತಿಯಲ್ಲಿರುವವರಿಗೆ ತನ್ನ ಆರ್ಥಿಕ ಶಕ್ತಿಯ ಮಿತಿಯೊಳಗೆ ರಾಜ್ಯವು ನೆರವಾಗಬೇಕು ಎಂಬುದು ಅದರ ನಿರ್ದೇಶನ. ನೆರವು ಎಷ್ಟಿರಬೇಕು, ಯಾರಿಗೆ ಸಲ್ಲಬೇಕು ಎಂಬ ಚರ್ಚೆ ನಮ್ಮಲ್ಲಿ ಸಾಕಷ್ಟು ನಡೆದಿದೆ. ಯಾವಾಗ ಸಲ್ಲಬೇಕು, ಸಕಾಲಕ್ಕೆ ಸಲ್ಲದಿದ್ದರೆ ಯಾರು ಹೊಣೆ ಎಂಬ ಪ್ರಶ್ನೆಗೆ ಮಾತ್ರ ಅಷ್ಟು ಗಮನ ಸಿಕ್ಕಿಲ್ಲ. ಕರ್ನಾಟಕದಲ್ಲಿನ ಉದ್ಯೋಗ ಖಾತ್ರಿ, ಯುವನಿಧಿ, ವಿಕಲಚೇತನರ ಮಾಸಾಶನ ಮತ್ತು ಸಕಾಲ ಕಾಯ್ದೆ ಇವುಗಳ ನಿಯಮಗಳನ್ನು ಒಟ್ಟಿಗೆ ಓದಿದಾಗ ಕಾಣುವ ಒಂದು ದೋಷವನ್ನು ಈ ಲೇಖನ ಚರ್ಚಿಸುತ್ತದೆ. ಅನೇಕ ಸಂದರ್ಭಗಳಲ್ಲಿ ಫಲಾನುಭವಿಯ ತಪ್ಪು ಎಂದು ದಾಖಲಾಗುವುದು ಕಚೇರಿಯ ತಡದಿಂದಲೇ ಹುಟ್ಟಿದ್ದಾಗಿರುತ್ತದೆ. ಆ ತಪ್ಪಿಗೆ ದಂಡ ತಾನಾಗಿಯೇ ಬೀಳುತ್ತದೆ. ತಡಕ್ಕೆ ಸಲ್ಲಬೇಕಾದ ಪರಿಹಾರ ಮಾತ್ರ ಬೆನ್ನುಹತ್ತಿ ಕೇಳದ ಹೊರತು ಬರುವುದಿಲ್ಲ.

ಮೊದಲು ಉದ್ಯೋಗ ಖಾತ್ರಿಯನ್ನು ನೋಡೋಣ. 2005ರ ಕಾಯ್ದೆಯ 7ನೇ ಕಲಮಿನ ಪ್ರಕಾರ, ಕೆಲಸ ಕೇಳಿದ 15 ದಿನಗಳಲ್ಲಿ ಕೆಲಸ ಕೊಡದಿದ್ದರೆ ರಾಜ್ಯ ಸರ್ಕಾರ ನಿರುದ್ಯೋಗ ಭತ್ಯೆ ಕೊಡಬೇಕು. ಮೊದಲ 30 ದಿನಗಳಿಗೆ ಕೂಲಿಯ ಕಾಲು ಭಾಗ, ಆ ಹಣಕಾಸು ವರ್ಷದ ಉಳಿದ ಅವಧಿಗೆ ಅರ್ಧ ಭಾಗಕ್ಕೆ ಅದು ಕಡಿಮೆಯಿರುವಂತಿಲ್ಲ. ಇದರ ಬೆನ್ನಿಗೇ 9ನೇ ಕಲಮು ಇದೆ. ಕರೆ ಬಂದ 15 ದಿನಗಳೊಳಗೆ ಕೆಲಸಕ್ಕೆ ಹಾಜರಾಗದವರು, ಅನುಮತಿಯಿಲ್ಲದೆ ವಾರಕ್ಕಿಂತ ಹೆಚ್ಚು ಗೈರಾದವರು ಮೂರು ತಿಂಗಳ ಕಾಲ ಭತ್ಯೆಯ ಅರ್ಹತೆ ಕಳೆದುಕೊಳ್ಳುತ್ತಾರೆ. ಎರಡನ್ನೂ ಬಿಡಿಯಾಗಿ ಓದಿದರೆ ನ್ಯಾಯವಾಗಿಯೇ ಕಾಣುತ್ತವೆ. ಆದರೆ ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ತಾಲೂಕುಗಳ ಒಣಭೂಮಿಯ ಹಳ್ಳಿಯಲ್ಲಿ ಇವೆರಡೂ ಒಂದರ ಹಿಂದೊಂದು ಕೆಲಸ ಮಾಡುವ ಬಗೆ ಬೇರೆ. ಹಿಂಗಾರಿ ಕೈಕೊಟ್ಟ ವರ್ಷ ಕೂಲಿಕಾರ ಕುಟುಂಬವೊಂದು ಪಂಚಾಯಿತಿಯಲ್ಲಿ ನಮೂನೆ 6 ತುಂಬಿ ಕೆಲಸ ಕೇಳುತ್ತದೆ ಎಂದುಕೊಳ್ಳಿ. ಹದಿನೈದು ದಿನ ಕಾದರೂ ಕೆಲಸದ ಹಾಜರಾತಿ ಪಟ್ಟಿ, ಅಂದರೆ ಎನ್‌ಎಂಆರ್ ಬರುವುದಿಲ್ಲ. ಮಹಾರಾಷ್ಟ್ರದ ಕಬ್ಬಿನ ಗದ್ದೆಗೋ ಗೋವಾದ ಕಟ್ಟಡ ಕೆಲಸಕ್ಕೋ ಗುಳೆ ಹೋಗದೆ ಆ ಮನೆಯ ಒಲೆ ಉರಿಯುವುದಿಲ್ಲ. ಹೋದ ಮೇಲೆ ಕೆಲಸದ ಕರೆ ಬರುತ್ತದೆ, ಹಾಜರಾತಿಯಲ್ಲಿ ಗೈರು ಬೀಳುತ್ತದೆ. ಕಚೇರಿ ಮೊದಲ ಗಡುವು ಮೀರಿದ್ದಕ್ಕೆ ಏನೂ ಆಗುವುದಿಲ್ಲ, ಕೂಲಿಕಾರ ಎರಡನೆಯ ಗಡುವು ಮೀರಿದ್ದಕ್ಕೆ ಮೂರು ತಿಂಗಳ ಅನರ್ಹತೆ. ಇನ್ನು ಮೊದಲ ಗಡುವು ಮೀರಿತೆಂದು ಸಾಬೀತು ಮಾಡಲು ಬೇಕಾದದ್ದು ಅರ್ಜಿಗೆ ಕೊಡುವ ದಿನಾಂಕದ ರಸೀದಿಯೊಂದೇ. ಅದು ಕೈಯಲ್ಲಿಲ್ಲದಿದ್ದರೆ 7ನೇ ಕಲಮು ಕಾಗದದ ಮೇಲೇ ಉಳಿಯುತ್ತದೆ.

ಕೂಲಿ ಪಾವತಿಯ ತಡಕ್ಕೂ ಕಾಯ್ದೆಯಲ್ಲಿ ಪರಿಹಾರವಿದೆ. ಎನ್‌ಎಂಆರ್ ಮುಗಿದ 16ನೇ ದಿನದಿಂದಾಚೆಗೆ ಪ್ರತಿ ದಿನಕ್ಕೆ ಬಾಕಿ ಕೂಲಿಯ 0.05% ಕೊಡಬೇಕು. ವಾರ್ಷಿಕ ದರಕ್ಕೆ ತಂದರೆ ಇದು 18% ದಾಟುತ್ತದೆ, ಆದ್ದರಿಂದ ದರವೇ ಕಡಿಮೆಯೆನ್ನಲಾಗದು. ಕೊರತೆ ಇರುವುದು ಮೂಲ ಮೊತ್ತದಲ್ಲಿ. 2025–26ರಲ್ಲಿ ಕರ್ನಾಟಕದ ಕೂಲಿ ದಿನಕ್ಕೆ 370 ರೂ. ಆರು ದಿನದ ದುಡಿಮೆಗೆ 2,220 ರೂ. ಅದರ ಮೇಲಿನ ಪರಿಹಾರ ದಿನಕ್ಕೆ 1 ರೂ. 11 ಪೈಸೆ. ಇಡೀ ತಿಂಗಳು ತಡವಾದರೂ 33 ರೂ. 30 ಪೈಸೆ. ಕೂಲಿ ಏಕೆ ಜಮೆಯಾಗಿಲ್ಲ ಎಂದು ವಿಚಾರಿಸಲು ಹಳ್ಳಿಯಿಂದ ತಾಲೂಕು ಕಚೇರಿಗೆ ಒಂದು ಸಲ ಹೋಗಿ ಬಂದರೆ ಕಳೆದುಕೊಳ್ಳುವುದು ಒಂದು ದಿನದ ಕೂಲಿ 370 ರೂ. ಮತ್ತು ಬಸ್ಸಿನ ಚಾರ್ಜು. ತಿಂಗಳ ತಡದ ಪರಿಹಾರವು ಅದನ್ನು ಕೇಳಲು ಹೋಗುವ ಖರ್ಚಿನ ಹತ್ತನೆಯ ಒಂದು ಭಾಗಕ್ಕೂ ಸಮವಾಗುವುದಿಲ್ಲ. ಇಂಥ ಹಕ್ಕನ್ನು ಚಲಾಯಿಸದೆ ಬಿಡುವುದೇ ಕೂಲಿಕಾರರ ಪಾಲಿಗೆ ವಿವೇಕ. ಜೊತೆಗೆ, ಪರಿಹಾರದ ಲೆಕ್ಕವು ಪಂಚಾಯಿತಿ ಮಟ್ಟದಲ್ಲಿ ಹಣ ವರ್ಗಾವಣೆಯ ಆದೇಶಕ್ಕೆ ಸಹಿ ಬಿದ್ದಲ್ಲಿಗೇ ನಿಲ್ಲುತ್ತಿತ್ತು. ಅಲ್ಲಿಂದ ಖಾತೆಗೆ ಹಣ ಸೇರುವವರೆಗಿನ ತಡ, ಅಂದರೆ ಕೇಂದ್ರದ ಪಾಲಿನ ತಡ, ಲೆಕ್ಕಕ್ಕೇ ಬರುತ್ತಿರಲಿಲ್ಲ. ಸ್ವರಾಜ್ ಅಭಿಯಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಮೇ 18ರಂದು ಈ ಪದ್ಧತಿಯನ್ನು ಒಪ್ಪಲಿಲ್ಲ. ಆಡಳಿತದ ಒಳಗಿನ ಹಂತಗಳು ಎಷ್ಟೇ ಇರಲಿ, ಕೂಲಿಕಾರನಿಗೆ ಸರ್ಕಾರವೆಂದರೆ ಒಂದೇ ಎಂಬುದು ಆ ತೀರ್ಪಿನ ತಿರುಳು. 2025ರ ಡಿಸೆಂಬರ್‌ನಲ್ಲಿ ಬಂದ ಹೊಸ ಉದ್ಯೋಗ ಖಾತ್ರಿ ಕಾಯ್ದೆ ವರ್ಷದ ಕೆಲಸದ ದಿನಗಳನ್ನು 125ಕ್ಕೆ ಏರಿಸಿ, ಕರ್ನಾಟಕದಂಥ ರಾಜ್ಯಗಳ ಮೇಲೆ ವೆಚ್ಚದ 40% ಹೊರಿಸಿದೆ. ಹೊರೆ ಹಂಚಿಕೆಯಾದಾಗ ಹೊಣೆ ಜಾರಿಸುವ ದಾರಿಗಳೂ ಹೆಚ್ಚುತ್ತವೆ. ಆದ್ದರಿಂದ ಹಳೆಯ ಕಾಯ್ದೆಯ ಎರಡು ದಶಕಗಳ ಅನುಭವ ಈಗ ಇನ್ನಷ್ಟು ಮುಖ್ಯವಾಗಿದೆ.

ನೆರವಿಗೆ ದಂಡವನ್ನು ಗಂಟು ಹಾಕುವ ಪದ್ಧತಿ ಈ ಸೀಮೆಗೆ ಹೊಸದಲ್ಲ. 1876–78ರ ಭೀಕರ ಬರದಲ್ಲಿ ಇಂದಿನ ವಿಜಯಪುರವು ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಗೆ ಸೇರಿತ್ತು. ನಿಜವಾಗಿ ಹಸಿದವರು ಮಾತ್ರ ಬರಲಿ ಎಂದು ಬರಗಾಲದ ಕಾಮಗಾರಿಗಳನ್ನು ಬೇಕೆಂದೇ ದೂರದಲ್ಲಿಡುವುದು, ನಿಗದಿತ ಕೆಲಸ ಮುಗಿಸದವರ ಕೂಲಿ ಕಡಿಯುವುದು ಅಂದಿನ ನೀತಿಯಾಗಿತ್ತು. 1877ರಲ್ಲಿ ರಿಚರ್ಡ್ ಟೆಂಪಲ್ ದಿನದ ಕೂಲಿಯನ್ನು ಒಂದು ಪೌಂಡ್ ಧಾನ್ಯ ಮತ್ತು ಚಿಲ್ಲರೆ ಕಾಸಿಗೆ ಇಳಿಸಿದಾಗ ಮುಂಬಯಿ ಪ್ರಾಂತದ ಕೂಲಿಕಾರರು ಕಾಮಗಾರಿ ಬಿಟ್ಟು ಹೊರನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಬೆಂಬಲಕ್ಕೆ ನಿಂತಿತು. ಇಂದಿನ ಕಾಯ್ದೆಗಳನ್ನು ಅದರೊಂದಿಗೆ ಸಮೀಕರಿಸುವುದು ಅನ್ಯಾಯವಾದೀತು, ಇವು ಹಕ್ಕಿನ ಭಾಷೆಯಲ್ಲಿ ರಚಿತವಾದವು. ಆದರೂ ನೆರವು ಬೇಡುವವನನ್ನು ಮೊದಲು ಶಂಕಿಸು ಎಂಬ ಆ ಕಾಲದ ಮನೋಭಾವ ನಿಯಮಗಳ ಸಂದಿಯಲ್ಲಿ ಉಳಿದುಕೊಂಡಿದೆ.

ಓದಿದ ನಿರುದ್ಯೋಗಿಗಳ ಯುವನಿಧಿಯಲ್ಲೂ ಇದೇ ಅಸಮತೆ ಕಾಣುತ್ತದೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಈ ಯೋಜನೆ ಪದವೀಧರರಿಗೆ ತಿಂಗಳಿಗೆ 3,000 ರೂ., ಡಿಪ್ಲೊಮಾದವರಿಗೆ 1,500 ರೂ.ಗಳನ್ನು ಗರಿಷ್ಠ 24 ತಿಂಗಳು ಕೊಡುತ್ತದೆ. ತೇರ್ಗಡೆಯಾಗಿ 180 ದಿನ ಕೆಲಸವಿಲ್ಲದಿರಬೇಕು. ಇನ್ನೂ ನಿರುದ್ಯೋಗಿಯೆಂದು ಸ್ವಯಂ ಘೋಷಣೆ ಕೊಡುತ್ತಿರಬೇಕು. ಸುಳ್ಳು ಹೇಳಿದರೆ ವಸೂಲಿ ಮತ್ತು ದಂಡ. ಸುಳ್ಳಿಗೆ ದಂಡವಿರುವುದರಲ್ಲಿ ತಪ್ಪೇನಿಲ್ಲ. ಆದರೆ ಘೋಷಣೆ ತಪ್ಪಿದ ಅಭ್ಯರ್ಥಿಗೆ ಹಣ ನಿಲ್ಲಿಸುವ ನಿಯಮವಿರುವಾಗ, ಸರ್ಕಾರವೇ ಕಂತು ತಡಮಾಡಿದರೆ ಅಭ್ಯರ್ಥಿಗೆ ಏನು ಸಲ್ಲಬೇಕು ಎಂಬುದಕ್ಕೂ ನಿಯಮ ಬೇಕಿತ್ತು. ಅಂಕಪಟ್ಟಿಯನ್ನು ಸಕಾಲಕ್ಕೆ ಡಿಜಿಟಲ್ ಭಂಡಾರಕ್ಕೆ ಏರಿಸಬೇಕಾದದ್ದು ವಿಶ್ವವಿದ್ಯಾಲಯ. ಅದು ತಡಮಾಡಿದರೆ ಕೂಡ ಕಾಯಬೇಕಾದವನು ವಿದ್ಯಾರ್ಥಿಯೇ.

ವಿಕಲಚೇತನರ ವಿಷಯದಲ್ಲಿ ಈ ದೋಷ ಅತ್ಯಂತ ಕಠೋರವಾಗಿದೆ. ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. 2021ರ ಜುಲೈನಲ್ಲಿ ರಾಜ್ಯ ಸರ್ಕಾರ ವೃದ್ಧರ ಸಂಧ್ಯಾ ಸುರಕ್ಷಾ ಮಾಸಾಶನವನ್ನು 1,000ದಿಂದ 1,200 ರೂ.ಗೂ, 40ರಿಂದ 75% ಅಂಗವೈಕಲ್ಯವುಳ್ಳವರ ಮಾಸಾಶನವನ್ನು 600ರಿಂದ 800 ರೂ.ಗೂ ಏರಿಸಿತು. ವಿಕಲಚೇತನರ ಹಕ್ಕುಗಳ ಕಾಯ್ದೆ–2016ರ 24ನೇ ಕಲಮಾದರೋ, ಇತರರಿಗಿರುವ ಅಂಥದೇ ಯೋಜನೆಗಿಂತ ವಿಕಲಚೇತನರ ನೆರವು ಕನಿಷ್ಠ 25% ಹೆಚ್ಚಿರಬೇಕು ಎನ್ನುತ್ತದೆ. ಇಲ್ಲಿ ಅದು ಮೂರನೆಯ ಒಂದು ಭಾಗದಷ್ಟು ಕಡಿಮೆಯಿದೆ. ಕೇಂದ್ರದ ಇಂದಿರಾಗಾಂಧಿ ಮಾಸಾಶನದ ಪಾಲು 2012ರಿಂದ 300 ರೂ.ಗೇ ನಿಂತಿದೆ, ಅದೂ 80% ದಾಟಿದವರಿಗೆ ಮಾತ್ರ. ಈ 800 ರೂ. ಕೈಸೇರುವ ದಾರಿಯಲ್ಲಿ ಮೊದಲ ಮೆಟ್ಟಿಲು ಅಂಗವೈಕಲ್ಯದ ಪ್ರಮಾಣಪತ್ರ ಮತ್ತು ವಿಶಿಷ್ಟ ಗುರುತಿನ ಯುಡಿಐಡಿ ಕಾರ್ಡು. ತಿಕೋಟಾದಿಂದಾಗಲಿ ಬಬಲೇಶ್ವರದಿಂದಾಗಲಿ ನಡೆಯಲಾಗದ ವ್ಯಕ್ತಿಯನ್ನು ಸುಮಾರು 20–25 ಕಿ.ಮೀ. ದೂರದ ವಿಜಯಪುರ ಜಿಲ್ಲಾಸ್ಪತ್ರೆಗೆ ಕರೆತರಲು ಮನೆಯ ಮತ್ತೊಬ್ಬರು ದುಡಿಮೆ ಬಿಡಬೇಕು. ತಜ್ಞ ವೈದ್ಯರು ಅಂದು ಸಿಗದಿದ್ದರೆ ಮತ್ತೊಂದು ದಿನ. ಆಧಾರಿನ ಹೆಸರಿಗೂ ಪಾಸ್‌ಬುಕ್ಕಿನ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೆ ವಿಜಯಪುರದ ಗಾಂಧಿ ಚೌಕದ ಸುತ್ತಮುತ್ತ ಝೆರಾಕ್ಸ್ ಅಂಗಡಿ, ಆನ್‌ಲೈನ್ ಸೆಂಟರು, ಬ್ಯಾಂಕು ಎಂದು ಅಲೆಯುವ ಇನ್ನೊಂದು ದಿನ. ಇವೆಲ್ಲ ಆದ ಮೇಲೆ ನಾಡಕಚೇರಿ, ಗ್ರಾಮ ಆಡಳಿತಾಧಿಕಾರಿಯ ವರದಿ, ತಹಶೀಲ್ದಾರರ ಮಂಜೂರಾತಿ.

2017ರ ನಿಯಮಗಳು ಪ್ರಮಾಣಪತ್ರಕ್ಕೆ ಒಂದು ತಿಂಗಳ ಗಡುವು ಹಾಕಿದ್ದವು. 2024ರ ತಿದ್ದುಪಡಿ ಅದನ್ನು ಮೂರು ತಿಂಗಳಿಗೆ ಹಿಗ್ಗಿಸಿತು. ಅಷ್ಟಕ್ಕೇ ನಿಲ್ಲದೆ, ವೈದ್ಯಕೀಯ ಪ್ರಾಧಿಕಾರ ಎರಡು ವರ್ಷ ನಿರ್ಧಾರ ಕೈಗೊಳ್ಳದಿದ್ದರೆ ಅರ್ಜಿಯೇ ನಿಷ್ಕ್ರಿಯವಾಗುತ್ತದೆ, ಅರ್ಜಿದಾರ ಮತ್ತೆ ಅರ್ಜಿ ಹಾಕಬೇಕು ಅಥವಾ ಅದನ್ನು ಜೀವಂತಗೊಳಿಸಲು ಪ್ರಾಧಿಕಾರದ ಮೊರೆಹೋಗಬೇಕು ಎಂದಿತು. ತೀರ್ಮಾನ ಕೊಡಬೇಕಾದವರು ಸುಮ್ಮನಿದ್ದರೆ ಕೇಳಿದವರ ಹಕ್ಕು ಮುಗಿಯುತ್ತದೆ! ಇಷ್ಟು ನೇರವಾಗಿ ತಡವನ್ನೇ ದಂಡವಾಗಿಸಿದ ನಿಯಮ ಈ ಕ್ಷೇತ್ರದಲ್ಲಿ ಮತ್ತೊಂದು ನನ್ನ ಕಣ್ಣಿಗೆ ಬಿದ್ದಿಲ್ಲ.

ಕರ್ನಾಟಕವೇ ಈ ಕಾಯಿಲೆಗೆ ಮದ್ದು ಕಂಡುಹಿಡಿದಿತ್ತಲ್ಲವೇ ಎಂದು ಕೇಳಬಹುದು. 2011ರ ಸಕಾಲ ಕಾಯ್ದೆ 2012ರ ಏಪ್ರಿಲ್‌ನಿಂದ ರಾಜ್ಯದಾದ್ಯಂತ ಜಾರಿಯಾಯಿತು. ಪ್ರತಿ ಅರ್ಜಿಗೂ ಒಂದು ಸಂಖ್ಯೆ, ಪ್ರತಿ ಸೇವೆಗೂ ಒಂದು ಗಡುವು, ತಡವಾದರೆ ದಿನಕ್ಕೆ 20 ರೂ.ನಂತೆ ಗರಿಷ್ಠ 500 ರೂ. ಪರಿಹಾರ, ಅದನ್ನು ಹೊಣೆಗಾರ ಅಧಿಕಾರಿಯ ಸಂಬಳದಿಂದ ವಸೂಲಿ. ಇದೊಂದು ದಿಟ್ಟ ಹೆಜ್ಜೆ. ಅರ್ಜಿಗೆ ಹುಟ್ಟಿದ ದಿನಾಂಕವೊಂದು ದೊರೆತದ್ದೇ ದೊಡ್ಡ ಸಂಗತಿ. ಆದರೆ 20 ರೂ.ನಂತೆ ಎಣಿಸಿದರೆ 25ನೇ ದಿನಕ್ಕೆ ಮಿತಿ ಮುಗಿಯುತ್ತದೆ. 26ನೇ ದಿನದಿಂದಾಚೆಗೆ ತಡ ಎಷ್ಟೇ ಬೆಳೆದರೂ ಖರ್ಚಿಲ್ಲ. ಅದಕ್ಕಿಂತ ಗಂಭೀರವಾದದ್ದು ದಂಡವನ್ನು ವ್ಯಕ್ತಿಯ ಮೇಲೆ ಹೊರಿಸಿದ್ದರ ಪರಿಣಾಮ. ತನ್ನ ಸಂಬಳ ಉಳಿಸಿಕೊಳ್ಳಲು ಅಧಿಕಾರಿಗೆ ಇರುವ ಅತಿ ಸುಲಭ ದಾರಿ, ಗಡುವಿನ ಮುನ್ನಾದಿನ ಯಾವುದೋ ದಾಖಲೆ ಸಾಲದೆಂದು ಅರ್ಜಿ ತಿರಸ್ಕರಿಸುವುದು. ಗಡುವು ಪಾಲನೆಯಾದಂತೆ ದಾಖಲಾಗುತ್ತದೆ, ಅರ್ಜಿದಾರ ಮೊದಲ ಮೆಟ್ಟಿಲಿಗೆ ಮರಳುತ್ತಾನೆ. ಆದ್ದರಿಂದ ಪರಿಹಾರ ಇಲಾಖೆಯ ಲೆಕ್ಕಶೀರ್ಷಿಕೆಯಿಂದ ಹೋಗಬೇಕು, ವ್ಯಕ್ತಿಯ ಶಿಸ್ತುಕ್ರಮ ಬೇರೆಯಾಗಿ ನಡೆಯಬೇಕು ಎಂಬುದು ನನ್ನ ನಿಲುವು. ತಿಕೋಟಾ, ಬಬಲೇಶ್ವರದಂಥ ಹೊಸ ತಾಲೂಕುಗಳಲ್ಲಿ ಸಿಬ್ಬಂದಿ ಸಾಲದೆಂಬ ನೌಕರರ ಆಕ್ಷೇಪಕ್ಕೂ ಇದು ಉತ್ತರ. ಕುರ್ಚಿ ಖಾಲಿ ಬಿಟ್ಟದ್ದು ಸರ್ಕಾರ, ಅದರ ಬೆಲೆಯನ್ನು ಗುಮಾಸ್ತನೂ ತೆರಬಾರದು, ಅರ್ಜಿದಾರನೂ ತೆರಬಾರದು.

ಮಾಸಾಶನವು ಸರ್ಕಾರದ ಔದಾರ್ಯ, ಔದಾರ್ಯ ತಡವಾದರೆ ಬಡ್ಡಿ ಕೇಳುವುದೆಲ್ಲಿ ಎಂಬುದು ಹಳೆಯ ಆಕ್ಷೇಪ. ನಿವೃತ್ತ ನೌಕರರ ಪಿಂಚಣಿಯ ಬಗ್ಗೆಯೂ ಒಂದು ಕಾಲಕ್ಕೆ ಇದೇ ಮಾತಿತ್ತು. 1971ರ ದೇವಕಿನಂದನ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದು ಕೃಪೆಯಲ್ಲ, ಹಕ್ಕು ಎಂದಿತು. ಕೇರಳದ ಪದ್ಮನಾಭನ್ ನಾಯರ್ ಪ್ರಕರಣದಲ್ಲಿ, ಪಿಂಚಣಿ ತಡಮಾಡಿದರೆ ಮಾರುಕಟ್ಟೆ ದರದ ಬಡ್ಡಿ ದಂಡವಾಗಿ ಸಲ್ಲಬೇಕೆಂದಿತು. ಭವಿಷ್ಯನಿಧಿಯ ನಿಯಮಗಳಲ್ಲಿ ಗಡುವು ಮೀರಿದ ಕ್ಲೇಮಿಗೆ 12% ದಂಡಬಡ್ಡಿಯಿದೆ. ಆದಾಯ ತೆರಿಗೆ ಮರುಪಾವತಿ ತಡವಾದರೂ ಬಡ್ಡಿ ಬರುತ್ತದೆ. ನೌಕರಿ ಮಾಡಿದವರ, ತೆರಿಗೆ ಕಟ್ಟಿದವರ ಕಾಲಕ್ಕೆ ಬೆಲೆಯಿದೆ ಎಂದು ಒಪ್ಪಿದ ರಾಜ್ಯ, ಅತ್ಯಂತ ಬಡವರ ಕಾಲಕ್ಕೆ ಬೆಲೆಯಿಲ್ಲ ಎನ್ನಲು ಕಾರಣವೇನು? ಶಾಸನವೇ ಮೊತ್ತ, ಅರ್ಹತೆ, ಗಡುವುಗಳನ್ನು ನಿಗದಿ ಮಾಡಿದ ಮೇಲೆ ಉಳಿಯುವುದು ಸಾಲ, ಔದಾರ್ಯವಲ್ಲ. ಆದರೆ ಬರೀ ಶೇಕಡಾವಾರು ಬಡ್ಡಿ ಇಲ್ಲಿ ಸಾಲದು. 800 ರೂ. ಮೂರು ತಿಂಗಳು ತಡವಾದರೆ 12%ರ ಲೆಕ್ಕಕ್ಕೆ ಸಿಗುವುದು 24 ರೂ. ಆದ್ದರಿಂದ ಕನಿಷ್ಠ ಮೊತ್ತವೊಂದು ಇರಬೇಕು. ತಡವಾದ ಪ್ರತಿ ತಿಂಗಳಿಗೆ ಒಂದು ದಿನದ ಖಾತ್ರಿ ಕೂಲಿಯಷ್ಟಾದರೂ ಆದರೆ ಅದು ಒಂದು ಓಡಾಟದ ನಷ್ಟ ತುಂಬುತ್ತದೆ. ಇಷ್ಟು ಕೊಟ್ಟರೆ ಬೊಕ್ಕಸ ಬರಿದಾದೀತು ಎನ್ನುವವರು ಒಂದನ್ನು ಗಮನಿಸಬೇಕು: ಸಕಾಲಕ್ಕೆ ಪಾವತಿ ಮಾಡಿದರೆ ಈ ಖರ್ಚು ಸೊನ್ನೆ.

ಬೋಗಸ್ ಫಲಾನುಭವಿಗಳಿದ್ದಾರೆಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ನಕಲಿ ಪ್ರಮಾಣಪತ್ರಗಳಿಲ್ಲವೆಂದು ಯಾರೂ ವಾದಿಸಲಾರರು. ವಿಕಲಚೇತನರ ಕಾಯ್ದೆಯ 91ನೇ ಕಲಮು ಅಂಥ ವಂಚನೆಗೆ ಎರಡು ವರ್ಷದವರೆಗಿನ ಸೆರೆ, ಒಂದು ಲಕ್ಷ ರೂ.ವರೆಗಿನ ದಂಡ ವಿಧಿಸುತ್ತದೆ. ಅದನ್ನು ಬಳಸಲಿ. ಆಪಾದನೆ ಹೊರಿಸಿ, ವಿಚಾರಣೆ ನಡೆಸಿ ಕೊಡುವ ಶಿಕ್ಷೆಯೇ ಬೇರೆ, ಹೆಬ್ಬೆಟ್ಟಿನ ಗುರುತು ಕೂಡಲಿಲ್ಲವೆಂದು ನೋಟಿಸಿಲ್ಲದೆ ಮಾಸಾಶನ ನಿಲ್ಲಿಸುವುದೇ ಬೇರೆ. ದೃಢೀಕರಣ ವಿಫಲವಾದ ಕಾರಣಕ್ಕೆ ಯಾರಿಗೂ ಸೌಲಭ್ಯ ತಪ್ಪುವುದಿಲ್ಲ ಎಂದು 2018ರ ಆಧಾರ್ ಪ್ರಕರಣದಲ್ಲಿ ಸರ್ಕಾರವೇ ನ್ಯಾಯಾಲಯಕ್ಕೆ ಭರವಸೆ ಕೊಟ್ಟಿತ್ತು. ಯಂತ್ರವನ್ನು ನಂಬಿ ದಂಡ ಹಾಕಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಮಿಷಿಗನ್ ರಾಜ್ಯ ಸಾಕ್ಷಿ. 2013ರಿಂದ 2015ರವರೆಗೆ ಅಲ್ಲಿನ ನಿರುದ್ಯೋಗ ವಿಮೆಯ ಗಣಕ ವ್ಯವಸ್ಥೆ ಸಾವಿರಾರು ಜನರನ್ನು ವಂಚಕರೆಂದು ಸಾರಿ, ನಾಲ್ಕು ಪಟ್ಟು ದಂಡ ವಿಧಿಸಿತು. ಆಮೇಲೆ ಮರುಪರಿಶೀಲಿಸಿದ 22,427 ಪ್ರಕರಣಗಳಲ್ಲಿ ಸುಮಾರು 93% ತಪ್ಪು ಎಂದು ಗೊತ್ತಾಯಿತು. ಅದೇ ದೇಶದ ಸುಪ್ರೀಂ ಕೋರ್ಟ್ 1970ರಲ್ಲೇ, ಗೋಲ್ಡ್‌ಬರ್ಗ್ ಪ್ರಕರಣದಲ್ಲಿ, ಬಡವರ ನೆರವನ್ನು ನಿಲ್ಲಿಸುವ ಮೊದಲು ಅವರ ಮಾತು ಕೇಳಬೇಕೆಂದು ಹೇಳಿತ್ತು. ಆದರೆ 1976ರಲ್ಲಿ, ಅಂಗವೈಕಲ್ಯ ವಿಮೆಗೆ ಮುಂಚಿತ ವಿಚಾರಣೆ ಬೇಕಿಲ್ಲವೆಂದಿತು. ಆ ಎರಡನೆಯ ತೀರ್ಪಿನ ದಾರಿ ನಮಗೆ ಸಲ್ಲದು. ಬೇರೆ ಆದಾಯವಿಲ್ಲದ ಮನೆಯಲ್ಲಿ ಮೊದಲು ನಿಲ್ಲಿಸಿ ಆಮೇಲೆ ಕೇಳಿದರೆ, ಕೇಳುವ ಹೊತ್ತಿಗೆ ಸಾಲ ಆಗಿಹೋಗಿರುತ್ತದೆ.

ಹಾಗಾದರೆ ಆಗಬೇಕಾದದ್ದೇನು? ಕಚೇರಿಯೇ ಗಡುವು ಮೀರಿರುವ ಅವಧಿಯಲ್ಲಿ ಫಲಾನುಭವಿಯಿಂದಾದ ಯಾವ ಲೋಪಕ್ಕೂ ದಂಡ, ಅನರ್ಹತೆ, ತಡೆ ಇರಕೂಡದು. ತಡದ ಪರಿಹಾರ ಅರ್ಜಿಯಿಲ್ಲದೆ, ಮೂಲ ಮೊತ್ತದ ಜೊತೆಗೇ ಖಾತೆಗೆ ಬೀಳಬೇಕು. ಸಕಾಲದ ಸಂಖ್ಯೆ, ಖಜಾನೆಯ ಗಣಕ, ಆಧಾರ್ ಜೋಡಿಸಿದ ಖಾತೆ ಮೂರೂ ಈಗಾಗಲೇ ಇರುವುದರಿಂದ ತಡವೆಷ್ಟೆಂದು ಯಂತ್ರವೇ ಎಣಿಸಬಲ್ಲದು. ಮಂಜೂರಾತಿ ಯಾವಾಗ ಬಂದರೂ ಮಾಸಾಶನವನ್ನು ಅರ್ಜಿಯ ದಿನಾಂಕದಿಂದಲೇ ಎಣಿಸಬೇಕು. ಹೀಗಾದರೆ ಕಡತ ಕೂಡಿಟ್ಟು ಉಳಿಸುವುದು ಏನೂ ಇರುವುದಿಲ್ಲ. ವೈದ್ಯಕೀಯ ಮಂಡಳಿ ತಿಂಗಳಿಗೊಮ್ಮೆಯಾದರೂ ತಿಕೋಟಾ, ಬಬಲೇಶ್ವರಗಳಂಥ ತಾಲೂಕು ಕೇಂದ್ರಗಳಲ್ಲೇ ಕೂರಬೇಕು. ಇವುಗಳಲ್ಲಿ ಹೆಚ್ಚಿನವು ರಾಜ್ಯ ಸರ್ಕಾರದ ಆದೇಶದಿಂದಲೇ ಆಗುವ ಕೆಲಸ. ಕೇಂದ್ರ ಮಾಡಬೇಕಾದದ್ದು ಒಂದಿದೆ, ಅದು ತುರ್ತಿನದು: ಎರಡು ವರ್ಷ ತೀರ್ಮಾನವಾಗದ ಅರ್ಜಿ ನಿಷ್ಕ್ರಿಯವಾಗುತ್ತದೆ ಎಂಬ 2024ರ ನಿಯಮವನ್ನು ರದ್ದುಪಡಿಸಬೇಕು.