ಪುನರುಕ್ತಿಯೂ ಅಲಂಕಾರವೇ

ಹೇಳಿದುದನ್ನೇ ಮತ್ತೆ ಹೇಳುವುದು ಕಾವ್ಯದೋಷವೆಂದು ನಮ್ಮ ಲಾಕ್ಷಣಿಕರು ಎಣಿಸಿದ್ದಾರೆ. ಆದರೆ ದಂಡಿಯು ಅದಕ್ಕೊಂದು ಅಪವಾದವನ್ನೂ ಹೇಳಿರುವನು. ಅನುಕಂಪೆ ಮೊದಲಾದ ಭಾವಗಳ ಅತಿಶಯವನ್ನು ಹೇಳಬೇಕಾದಾಗ ಪುನರುಕ್ತಿಯು ದೋಷವಾಗದು, ಅಲಂಕಾರವೇ ಆಗುವುದು ಎಂಬುದು ಅವನ ಮತ. ಚಲಚ್ಚಿತ್ರವೊಂದರ ‘ಎರಡನೆಯ ಭಾಗ’ಕ್ಕೆ ಸಂಗೀತ ಕೂಡಿಸುವವನ ಇಕ್ಕಟ್ಟೂ ಇಂಥದೇ. ಮೊದಲ ಭಾಗದ ಧಾಟಿಯನ್ನು ಕೈಬಿಟ್ಟರೆ ಜನ ಒಪ್ಪರು. ಅದನ್ನೇ ನುಡಿಸಿದರೆ ಹಳಸಲೆನ್ನುವರು. ಈ ಇಕ್ಕಟ್ಟನ್ನು ದಾಟಿದ ಒಂದು ನಿದರ್ಶನ, ಅಮೆರಿಕೆಯ ‘ಬ್ಯಾಕ್ ಟು ದಿ ಫ್ಯೂಚರ್ ಪಾರ್ಟ್ ಟೂ’ ಚಿತ್ರದ 1989ರ ಧ್ವನಿಮುದ್ರಿಕೆ.

ಮೊದಲ ಚಿತ್ರ ತೆರೆ ಕಂಡದ್ದು 1985ರಲ್ಲಿ. ನಿರ್ದೇಶಕ ರಾಬರ್ಟ್ ಜೆಮೆಕಿಸ್; ಸಂಗೀತ ಅಲನ್ ಸಿಲ್ವೆಸ್ಟ್ರಿಯದು. ಮಾರ್ಟಿ ಎಂಬ ಹುಡುಗ, ವಿಜ್ಞಾನಿ ಡಾಕ್ ಬ್ರೌನ್ ಕಾಲಯಂತ್ರವಾಗಿ ಮಾರ್ಪಡಿಸಿದ ಮೋಟಾರಿನಲ್ಲಿ 1955ಕ್ಕೆ ಹೋಗಿ ತನ್ನ ತಂದೆತಾಯಿಯರನ್ನೇ ಹರೆಯದವರಾಗಿ ಕಾಣುವ ವಿನೋದದ ಕಥೆ ಅದು. ಅದರ ಧ್ವನಿಮುದ್ರಿಕೆಯನ್ನು ಎಂ.ಸಿ.ಎ. ಕಂಪನಿ ಹೊರತಂದಿತು. ಅದರಲ್ಲಿದ್ದ ಹತ್ತು ಭಾಗಗಳಲ್ಲಿ ಸಿಲ್ವೆಸ್ಟ್ರಿಯ ವಾದ್ಯಸಂಗೀತಕ್ಕೆ ದೊರೆತದ್ದು ಎರಡೇ ಎರಡು, ಉಳಿದುವೆಲ್ಲ ಹಾಡುಗಳು. ಹ್ಯೂಯಿ ಲೂಯಿಸ್ ತಂಡದ ಒಂದು ಹಾಡಂತೂ ಅಮೆರಿಕೆಯ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಆ ವರ್ಷ ಮೊದಲನೆಯ ಸ್ಥಾನಕ್ಕೇರಿತು. ವ್ಯಾಪಾರದ ದೃಷ್ಟಿಯಿಂದ ಇದರಲ್ಲಿ ಅಚ್ಚರಿಯೇನೂ ಇಲ್ಲ. ಆದರೆ ಕಥೆಗೆ ಉಸಿರು ತುಂಬಿದ ಮೇಳಕ್ಕೆ ಮೂಲೆಯಲ್ಲಿ ಮಣೆ ಹಾಕಿದಂತಾಯಿತು. ಮೇಳದ ಹೆಸರನ್ನೂ ‘ಔಟಟೈಮ್ ಆರ್ಕೆಸ್ಟ್ರಾ’ ಎಂದು, ಆ ಮೋಟಾರಿನ ನಂಬರು ಫಲಕದಿಂದ ತೆಗೆದು, ವಿನೋದವಾಗಿ ಕೊಟ್ಟಿದ್ದರು. ತೆರೆಯ ಮೇಲೆ ಮಾರ್ಟಿ ಹಾಡಿದ ಹಾಡಿಗೆ ಕಂಠ ಕೊಟ್ಟವನು ಮಾರ್ಕ್ ಕ್ಯಾಂಪ್‌ಬೆಲ್. ಮುದ್ರಿಕೆಯ ಮೇಲಾದರೋ ಅಚ್ಚಾದದ್ದು ಕಥಾಪಾತ್ರದ ಹೆಸರು.

ಎರಡನೆಯ ಚಿತ್ರ 1989ರ ನವೆಂಬರ್ 22ರಂದು ಬಿಡುಗಡೆಯಾಯಿತು. ಅದರ ಮುದ್ರಿಕೆಯನ್ನೂ ಅದೇ ಕಂಪನಿಯೇ ತಂದಿತು. ಈ ಸಲ ಹಾಡುಗಳಿಲ್ಲ; ಮೊದಲಿಂದ ಕೊನೆಯವರೆಗೂ ಸಿಲ್ವೆಸ್ಟ್ರಿಯ ವಾದ್ಯಮೇಳವೇ. ನಾಲ್ಕು ವರ್ಷಗಳ ಹಿಂದೆ ಎರಡು ತುಣುಕುಗಳಿಗೆ ತೃಪ್ತನಾಗಬೇಕಾಗಿದ್ದವನಿಗೆ ಈಗ ಇಡಿಯ ಮುದ್ರಿಕೆ ದೊರೆಯಿತು.

ಈ ಚಿತ್ರದ ಕಥೆಯೇ ಪುನರುಕ್ತಿಯ ಕಥೆ. 2015ಕ್ಕೆ ಹೋಗಿ ಬಂದ ಮಾರ್ಟಿ, ಕೆಟ್ಟುಹೋದ ಕಾಲವನ್ನು ಸರಿಪಡಿಸಲು ಮತ್ತೆ 1955ರ ಅದೇ ಇರುಳಿಗೆ ಬರಬೇಕಾಗುತ್ತದೆ. ಮೊದಲ ಮಾರ್ಟಿ ವೇದಿಕೆಯ ಮೇಲೆ ಗಿಟಾರು ನುಡಿಸುತ್ತಿರುವಾಗ ಎರಡನೆಯ ಮಾರ್ಟಿ ಅವನ ತಲೆಯ ಮೇಲಣ ಅಟ್ಟಣೆಯಲ್ಲಿ ಅಡಗಿ ಓಡಾಡುತ್ತಾನೆ. ಹಾಡು ಅದೇ, ಆದರೆ ಆಗ ಕುಣಿಸಿದ ಹಾಡು ಈಗ ಎದೆ ನಡುಗಿಸುತ್ತದೆ. ತುತ್ತೂರಿಗಳ ಮೊಳಗಿನ ಹಳೆಯ ಮುಖ್ಯ ಧಾಟಿಯೂ ಹೀಗೆಯೇ. ಅದು ಮರಳಿ ಬಂದಾಗ ನಾವು ಕೇಳುವುದು ಸ್ವರವನ್ನಷ್ಟೇ ಅಲ್ಲ, ಹಿಂದೆ ಅದನ್ನು ಕೇಳಿದ ನೆನಪನ್ನೂ ಕೂಡ. ಖಳನಾದ ಬಿಫ್ ಸಿರಿವಂತನಾಗಿ ಊರನ್ನೇ ಕೆಡಿಸಿದ ‘ಇನ್ನೊಂದು 1985’ರ ಭಾಗದಲ್ಲಂತೂ ಸಂಗೀತಕ್ಕೆ ಕತ್ತಲೆ ಕವಿಯುತ್ತದೆ.

ಮುದ್ರಿಕೆಯ ಒಂದು ಭಾಗಕ್ಕೆ ‘ಪೇರ್ ಓ ಡಾಕ್ಸ್’ ಎಂದು ಹೆಸರು. ಮುದಿ ಡಾಕ್ ಬ್ರೌನನು 1955ರ ತನ್ನನ್ನೇ ಎದುರುಗೊಂಡುದರ ಸೂಚನೆ ಅದರಲ್ಲಿದೆ. ‘ಒಂದು ಜೋಡಿ ಡಾಕ್’ ಎಂಬುದು ಒಂದರ್ಥ. ವೇಗವಾಗಿ ಉಚ್ಚರಿಸಿದರೆ ‘ವಿರೋಧಾಭಾಸ’ ಎಂಬರ್ಥದ ಇಂಗ್ಲಿಷ್ ಶಬ್ದವೇ ಕೇಳಿಸುತ್ತದೆ. ಶ್ಲೇಷವೆಂಬುದು ನಮ್ಮ ಕವಿಗಳ ಸ್ವತ್ತು ಮಾತ್ರವಲ್ಲವೆಂದು ಇದರಿಂದ ತಿಳಿಯಬಹುದು.

ಇಷ್ಟಾದರೂ ಆ ಮುದ್ರಿಕೆಯಲ್ಲಿ ಚಿತ್ರದ ಸಂಗೀತವೆಲ್ಲವೂ ಇರಲಿಲ್ಲ. ಅಮೆರಿಕೆಯಲ್ಲಿ ಚಿತ್ರಕ್ಕೆಂದು ನುಡಿಸಿದ ಸಂಗೀತವನ್ನು ಮುದ್ರಿಕೆಯಾಗಿ ಮಾರಬೇಕಾದರೆ ವಾದಕರ ಸಂಘದ ನಿಯಮದಂತೆ ಅವರಿಗೆ ಮತ್ತೊಮ್ಮೆ ಸಂಭಾವನೆ ಸಲ್ಲಿಸಬೇಕು. ಇದು ನ್ಯಾಯವಾದದ್ದೇ, ದುಡಿದವನ ದುಡಿಮೆ ಎರಡು ಕಡೆ ಮಾರಾಟವಾದರೆ ಎರಡು ಕೂಲಿ ಸಲ್ಲಬೇಡವೆ? ಆದರೆ ಖರ್ಚಿಗೆ ಅಂಜಿದ ಕಂಪನಿಗಳು ಬಹುಕಾಲ ಮುದ್ರಿಕೆಗಳನ್ನು ಮೊಟಕಾಗಿಯೇ ತರುತ್ತಿದ್ದವು. ಹೀಗೆ ಮೇಳದವರ ಬಹುಪಾಲು ದುಡಿಮೆ ಪೆಟ್ಟಿಗೆಯಲ್ಲಿ ಮಲಗಿತು. ಮೊದಲ ಚಿತ್ರದ ಪೂರ್ಣ ವಾದ್ಯಸಂಗೀತ ಇಂಟ್ರಾಡಾ ಎಂಬ ಸಂಸ್ಥೆಯಿಂದ ಹೊರಬಂದದ್ದು 2009ರಲ್ಲಿ, ಅಂದರೆ 24 ವರ್ಷಗಳ ಮೇಲೆ. ಎರಡನೆಯ ಚಿತ್ರದ್ದು ಬಂದದ್ದು 2015ರಲ್ಲಿ. ಕಥೆಯ ಮೋಟಾರು ಹಾರಿಹೋದ ವರ್ಷವೂ ಅದೇ!

ಚಿತ್ರದ ಕೊನೆಯಲ್ಲಿ ಸಿಡಿಲು ಬಡಿದು ಡಾಕ್ ಬ್ರೌನ್ ಮಾಯವಾಗುತ್ತಾನೆ. ಮಳೆಯಲ್ಲಿ ಒಂಟಿಯಾಗಿ ನಿಂತ ಮಾರ್ಟಿಗೆ ವೆಸ್ಟರ್ನ್ ಯೂನಿಯನ್ ತಂತಿ ಕಂಪನಿಯವನೊಬ್ಬನು ಬಂದು, ಎಪ್ಪತ್ತು ವರ್ಷಗಳಿಂದ ಜೋಪಾನ ಮಾಡಿದ್ದ ಕಾಗದವನ್ನು ಕೊಡುತ್ತಾನೆ. ಅದು 1885ರಿಂದ ಡಾಕ್ ಬರೆದದ್ದು, ಅವನು ಬದುಕಿದ್ದಾನೆ! ಮುದ್ರಿಕೆಯಲ್ಲಿ ಈ ಸನ್ನಿವೇಶಕ್ಕೂ ಒಂದು ಭಾಗವುಂಟು. ಪೆಟ್ಟಿಗೆಯಲ್ಲಿದ್ದ ಸಂಗೀತವೂ ಹೀಗೆಯೇ ತಡವಾಗಿ ವಿಳಾಸದಾರರನ್ನು ಮುಟ್ಟಿತು. ಕಾಗದವನ್ನು ಬರೆದವನಷ್ಟೇ ಅದನ್ನು ಕೆಡದಂತೆ ಕಾದಿರಿಸಿದವನೂ ದೊಡ್ಡವನು. ನಾದದ ಚರಿತ್ರೆ ಉಳಿದುಬಂದಿರುವುದು ಅಂಥ ಕಾವಲುಗಾರರಿಂದ.